ಕೋಟಿನ ಅಳತೆಯಲ್ಲಿ ದೇಶನಿಷ್ಠೆ: 1943ರ ಲಾಸ್ ಏಂಜಲೀಸ್‌ನಿಂದ ಇಂದಿನ ಅಮೆರಿಕದವರೆಗೆ

1943ರ ಜೂನ್ 3ರ ರಾತ್ರಿಯಿಂದ ಮುಂದಿನ ಐದಾರು ದಿನ ಲಾಸ್ ಏಂಜಲೀಸ್ ನಗರದಲ್ಲಿ ಅಮೆರಿಕದ ನೌಕಾಪಡೆಯ ನಾವಿಕರು, ಅವರ ಜೊತೆಗೂಡಿದ ಸೈನಿಕರು, ಕೊನೆಕೊನೆಗೆ ಸಾವಿರಾರು ಬಿಳಿಯ ನಾಗರಿಕರು ಮೆಕ್ಸಿಕನ್ ಮೂಲದ ಹುಡುಗರನ್ನು ಬೀದಿಗಳಲ್ಲಿ ಅಟ್ಟಾಡಿಸಿ, ಸಿನಿಮಾ ಮಂದಿರಗಳಿಂದ, ಟ್ರಾಮ್‌ಗಳಿಂದ ಎಳೆದು ತಂದು ಹೊಡೆದರು. ಹೊಡೆದದ್ದಷ್ಟೇ ಅಲ್ಲ, ಅವರು ತೊಟ್ಟಿದ್ದ ಬಟ್ಟೆಯನ್ನು ಕಿತ್ತು ಹರಿದರು, ಕೆಲವು ಕಡೆ ಸುಟ್ಟರು. ಯಾರೂ ಸಾಯಲಿಲ್ಲ, ಆದರೆ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಪೊಲೀಸರು ಐದುನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು, ಮತ್ತು ಬಂಧಿತರಲ್ಲಿ ಬಹುಪಾಲು ಪೆಟ್ಟು ತಿಂದವರೇ ಆಗಿದ್ದರು. ಆ ಹುಡುಗರು ತೊಡುತ್ತಿದ್ದ ಉದ್ದ ಕೋಟಿನ ಉಡುಪಿನ ಹೆಸರಿನಿಂದ ಇತಿಹಾಸದಲ್ಲಿ ಇದು 'ಜೂಟ್ ಸೂಟ್ ಗಲಭೆ' ಎಂದು ದಾಖಲಾಗಿದೆ.

ಯುದ್ಧದ ಉದ್ವೇಗದಲ್ಲಿದ್ದ ಎಳೆಯ ನಾವಿಕರು ಕ್ಷಣದ ಆವೇಶದಲ್ಲಿ ಹದ್ದು ಮೀರಿದರು ಎಂಬುದು ಆಗ ಅಧಿಕಾರಿಗಳು ಕೊಟ್ಟ ವಿವರಣೆಯ ಸಾರಾಂಶ. ಇದನ್ನು ಒಪ್ಪುವುದು ಕಷ್ಟ, ಏಕೆಂದರೆ ಆ ರಾತ್ರಿ ನಾವಿಕರು ಯಾರನ್ನು ಹೊಡೆಯಬೇಕೆಂದು ಹುಡುಕುತ್ತಿದ್ದರೋ ಆ 'ಶತ್ರು'ವಿನ ಚಹರೆಯನ್ನು ಅವರು ತಾವಾಗಿ ಕಲ್ಪಿಸಿಕೊಂಡಿರಲಿಲ್ಲ; ಅದಕ್ಕೂ ಮೊದಲಿನ ಹತ್ತು ತಿಂಗಳಲ್ಲಿ ಪೊಲೀಸ್ ಇಲಾಖೆ, ನ್ಯಾಯಾಲಯ ಮತ್ತು ಪತ್ರಿಕೆಗಳು ಅದನ್ನು ತಿದ್ದಿ ತೀಡಿ ಸಿದ್ಧಪಡಿಸಿಟ್ಟಿದ್ದವು. ಜನಾಂಗದ ಹೆಸರನ್ನು ಬಾಯಿಬಿಟ್ಟು ಹೇಳಲು ಅನನುಕೂಲವಾದ ಕಡೆ ಉಡುಪಿನ ಹೆಸರನ್ನು ಹೇಳುವ ಒಂದು ಪದ್ಧತಿ ಆ ಹತ್ತು ತಿಂಗಳಲ್ಲಿ ಬೇರೂರಿತು. ಆ ಪದ್ಧತಿ ಇನ್ನೂ ಜೀವಂತವಾಗಿರುವುದರಿಂದಲೇ ಎಂಬತ್ತು ವರ್ಷ ಹಿಂದಿನ ಈ ಪ್ರಕರಣವನ್ನು ಮತ್ತೆ ಬಿಡಿಸಿ ನೋಡಬೇಕಾಗಿದೆ.

ಆ ಕಾಲದಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಮೆಕ್ಸಿಕನ್ ಮೂಲದವರಿದ್ದರು. ಕ್ಯಾಲಿಫೋರ್ನಿಯ 1848ರವರೆಗೆ ಮೆಕ್ಸಿಕೊ ದೇಶದ್ದೇ ಭಾಗವಾಗಿತ್ತು ಎಂಬುದನ್ನು ನೆನೆದರೆ, ಇವರನ್ನು 'ಹೊರಗಿನವರು' ಎಂದು ಕರೆಯುವುದರ ವ್ಯಂಗ್ಯ ತಿಳಿಯುತ್ತದೆ. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ, ಉದ್ಯೋಗ ಬಿಳಿಯರಿಗೆ ಉಳಿಯಲಿ ಎಂದು ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ಒತ್ತಾಯದಿಂದಲೋ ಬೆದರಿಸಿಯೋ ಗಡಿಯಾಚೆಗೆ ಕಳುಹಿಸಲಾಗಿತ್ತು; ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಬಹಳಷ್ಟಿದ್ದರು. ಉಳಿದವರಿಗೆ ಪ್ರತ್ಯೇಕ ಶಾಲೆಗಳು, ಸಿನಿಮಾ ಮಂದಿರಗಳಲ್ಲಿ ಪ್ರತ್ಯೇಕ ಸಾಲುಗಳು ಇದ್ದವು. ಸಾರ್ವಜನಿಕ ಈಜುಕೊಳಗಳಲ್ಲಿ ವಾರಕ್ಕೆ ಒಂದು ದಿನ, ಅದೂ ಕೊಳದ ನೀರು ಬದಲಿಸುವುದಕ್ಕೆ ಮುಂಚಿನ ದಿನ, ಇವರಿಗೆ ಪ್ರವೇಶವಿರುತ್ತಿತ್ತು.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೇ ಆದೇಶದ ಫಲವಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳು. ಜಪಾನಿಯರು ನಗರದಿಂದ ಖಾಲಿಯಾದ ಮೇಲೆ ಪತ್ರಿಕೆಗಳ ಹಗೆತನ ಮೆಕ್ಸಿಕನ್ ಹುಡುಗರ ಕಡೆಗೆ ಹೊರಳಿತು ಎಂದು ಪತ್ರಕರ್ತ ಹಾಗೂ ವಕೀಲ ಕ್ಯಾರಿ ಮೆಕ್‌ವಿಲಿಯಮ್ಸ್ ವಾದಿಸಿದ್ದರು. ಹಗೆತನವನ್ನು ಹೀಗೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಲಾಗುತ್ತದೆಯೇ ಎಂದು ಯಾರಾದರೂ ಅನುಮಾನಿಸಬಹುದು. ಆದರೆ ದಿನಾಂಕಗಳು ಅವರ ಮಾತಿಗೆ ಬಲ ಕೊಡುತ್ತವೆ.

ಅದೇ ವರ್ಷದ ಆಗಸ್ಟ್ 2ರ ಬೆಳಗಿನ ಜಾವ, ನಗರದ ಹೊರವಲಯದ ಒಂದು ತೋಟದ ನೀರಾವರಿ ಕೊಳದ ಬಳಿ ಹೊಸೆ ಡಿಯಾಸ್ ಎಂಬ 22 ವರ್ಷದ ಯುವಕ ಮಾರಣಾಂತಿಕ ಗಾಯಗಳೊಂದಿಗೆ ಬಿದ್ದಿದ್ದು ಕಂಡಿತು. ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಸೇನೆಗೆ ಸೇರುವ ಕರೆ ಅವನಿಗೆ ಆಗಲೇ ಬಂದಿತ್ತು. ಈಜುಕೊಳಗಳ ಬಾಗಿಲು ಮುಚ್ಚಿದ್ದ ಹುಡುಗರು ಈಜಲು ಹೋಗುತ್ತಿದ್ದ ಆ ಕೊಳಕ್ಕೆ ಪತ್ರಿಕೆಗಳು 'ಸ್ಲೀಪಿ ಲಗೂನ್' ಎಂಬ ಹೆಸರನ್ನು ಅಂಟಿಸಿದವು. ಪೊಲೀಸರು ಮೆಕ್ಸಿಕನ್ ಬಡಾವಣೆಗಳನ್ನು ಜಾಲಾಡಿ ಸುಮಾರು 600 ಯುವಕ ಯುವತಿಯರನ್ನು ಹಿಡಿದು ತಂದರು. ಒಂದು ಸಾವಿಗೆ ಆರುನೂರು ಜನ.

ಅವರಲ್ಲಿ 22 ಮಂದಿಯನ್ನು ಒಟ್ಟಿಗೆ ವಿಚಾರಣೆಗೆ ನಿಲ್ಲಿಸಲಾಯಿತು. ನ್ಯಾಯಾಧೀಶ ಚಾರ್ಲ್ಸ್ ಫ್ರಿಕಿ ಅವರ ಕೋರ್ಟಿನಲ್ಲಿ ಈ ಹುಡುಗರನ್ನು ಒಂದೇ ಗುಂಪಾಗಿ, ತಮ್ಮ ವಕೀಲರಿಂದ ದೂರ ಕೂರಿಸಿದ್ದರು. ವಿಚಾರಣೆ ನಡೆಯುವಾಗ ವಕೀಲರ ಕಿವಿಯಲ್ಲಿ ಒಂದು ಮಾತು ಹೇಳುವ ಅವಕಾಶವೂ ಇರಲಿಲ್ಲ. ಮೊದಮೊದಲು ಕ್ಷೌರ ಮಾಡಿಸಿಕೊಳ್ಳಲು, ಬೇರೆ ಬಟ್ಟೆ ಹಾಕಿಕೊಳ್ಳಲು ಅವರಿಗೆ ಅನುಮತಿ ಸಿಗಲಿಲ್ಲ, ಏಕೆಂದರೆ ಆ ಕೇಶವಿನ್ಯಾಸ ಮತ್ತು ಉಡುಪು ಅವರನ್ನು ಗುರುತಿಸಲು ಸಾಕ್ಷಿಗಳಿಗೆ ಅಗತ್ಯ ಎಂದು ಸರ್ಕಾರಿ ವಕೀಲರು ವಾದಿಸಿದ್ದರು. ಕೆದರಿದ ಕೂದಲು, ಮಾಸಿದ ಕೋಟು ತೊಟ್ಟ ಇಪ್ಪತ್ತೆರಡು ಹುಡುಗರು ಪ್ರತಿದಿನ ಜ್ಯೂರಿಯ ಕಣ್ಣೆದುರು ಕುಳಿತಿದ್ದುದೇ ಸಾಕ್ಷ್ಯದ ಕೊರತೆಯನ್ನು ತುಂಬಿಕೊಟ್ಟಿತು ಎನ್ನಬೇಕು. ಡಿಯಾಸ್‌ನನ್ನು ಇವರಲ್ಲಿ ಇಂಥವನೇ ಹೊಡೆದ ಎಂಬುದಕ್ಕೆ ನೇರ ಪುರಾವೆ ಇರಲಿಲ್ಲ. ಆದರೂ 1943ರ ಜನವರಿಯಲ್ಲಿ 17 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಬಂಧಿತರಾಗಿದ್ದ ಹುಡುಗಿಯರಲ್ಲಿ ಕೆಲವರನ್ನು, ಯಾವ ಅಪರಾಧವೂ ಸಾಬೀತಾಗದಿದ್ದರೂ, ಬಾಲಕಿಯರ ಸುಧಾರಣಾ ಶಾಲೆಗೆ ತಳ್ಳಲಾಯಿತು. ಈ ಪ್ರಕರಣದ ಚರ್ಚೆಯಲ್ಲಿ ಅವರ ಪ್ರಸ್ತಾಪ ಇವತ್ತಿಗೂ ವಿರಳ.

ಈ ಮೊಕದ್ದಮೆಯ ಹಿನ್ನೆಲೆಯಲ್ಲಿ, ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಕಚೇರಿಯ ಅಧಿಕಾರಿ ಎಡ್ವರ್ಡ್ ಡುರಾನ್ ಏರ್ಸ್, ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿಗೆ ಸಲ್ಲಿಸಿದ ವರದಿಯನ್ನು ಗಮನವಿಟ್ಟು ಓದಬೇಕು. ವಿಚಿತ್ರವೆಂದರೆ ವರದಿಯ ಮೊದಲ ಭಾಗದಲ್ಲಿ ಮೆಕ್ಸಿಕನ್ನರಿಗೆ ಉದ್ಯೋಗ, ವೇತನ, ವಸತಿಗಳಲ್ಲಿ ಆಗುತ್ತಿದ್ದ ತಾರತಮ್ಯವನ್ನು ಅವರು ಸಾಕಷ್ಟು ಪ್ರಾಮಾಣಿಕವಾಗಿಯೇ ಪಟ್ಟಿಮಾಡುತ್ತಾರೆ. ಆಮೇಲೆ ಅದೆಲ್ಲವನ್ನೂ ಬದಿಗೆ ಸರಿಸಿ, ನಿಜವಾದ ಕಾರಣ ರಕ್ತದಲ್ಲಿದೆ ಎನ್ನುತ್ತಾರೆ: ನರಬಲಿ ಕೊಡುತ್ತಿದ್ದ, ಮೆಕ್ಸಿಕೊದ ಹಿಂದಿನ ಮೂಲನಿವಾಸಿಗಳಾದ ಆಜ್ಟೆಕರ ವಂಶದ ಇವರಿಗೆ ಕೊಲ್ಲುವ ಬಯಕೆ ಹುಟ್ಟಿನಿಂದ ಬಂದದ್ದು, ಕಾಡುಬೆಕ್ಕು ಮತ್ತು ಸಾಕುಬೆಕ್ಕು ಒಂದೇ ಕುಲದವಾದರೂ ಒಂದನ್ನು ಮನೆಯಲ್ಲಿ ಸಾಕಬಹುದು, ಇನ್ನೊಂದನ್ನು ಪಂಜರದಲ್ಲೇ ಇಡಬೇಕು. ಜರ್ಮನಿಯ ಜನಾಂಗ ಸಿದ್ಧಾಂತದ ವಿರುದ್ಧ ಹೋರಾಡುತ್ತಿದ್ದ ದೇಶದ ಸರ್ಕಾರಿ ಕಡತದಲ್ಲಿ ಇಂತಹ ಮಾತು ಅಧಿಕೃತವಾಗಿ ಸೇರಿತು. ಶತ್ರು ರಾಷ್ಟ್ರಗಳ ರೇಡಿಯೊ ಈ ಪ್ರಕರಣವನ್ನು ಲ್ಯಾಟಿನ್ ಅಮೆರಿಕದ ಕೇಳುಗರಿಗಾಗಿ ಬಳಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಲ್ಯಾಟಿನ್ ಅಮೆರಿಕದ ಅಭಿಪ್ರಾಯ ಆಗ ವಾಷಿಂಗ್ಟನ್‌ಗೆ ಬಹಳ ಮುಖ್ಯವಾಗಿತ್ತು. ಜರ್ಮನ್ ಜಲಾಂತರ್ಗಾಮಿಗಳು ತನ್ನ ತೈಲದ ಹಡಗುಗಳನ್ನು ಮುಳುಗಿಸಿದ ನಂತರ 1942ರಲ್ಲಿ ಮೆಕ್ಸಿಕೊ ಮಿತ್ರರಾಷ್ಟ್ರಗಳ ಪರವಾಗಿ ಯುದ್ಧಕ್ಕಿಳಿದಿತ್ತು. ಡಿಯಾಸ್ ಸತ್ತ ಎರಡೇ ದಿನಕ್ಕೆ, ಅಂದರೆ ಆಗಸ್ಟ್ 4ರಂದು, ಮೆಕ್ಸಿಕೊದಿಂದ ಕೃಷಿ ಕಾರ್ಮಿಕರನ್ನು ಕರೆಸಿಕೊಳ್ಳುವ 'ಬ್ರಸೆರೊ' ಒಪ್ಪಂದಕ್ಕೆ ಎರಡೂ ದೇಶಗಳು ಸಹಿ ಹಾಕಿದವು. ಒಂದು ಕಡೆ ಮೆಕ್ಸಿಕನ್ನರ ದುಡಿಮೆ ಬೇಕು, ಅವರ ದೇಶದ ಸ್ನೇಹ ಬೇಕು. ಇನ್ನೊಂದು ಕಡೆ ನಗರದ ಪತ್ರಿಕೆಗಳಿಗೆ ಮೆಕ್ಸಿಕನ್ ಅಪರಾಧಿಗಳ ಸುದ್ದಿ ಬೇಕು. ಈ ಇಕ್ಕಟ್ಟಿನಿಂದ ಪಾರಾಗಲು ಸಿಕ್ಕ ದಾರಿಯೇ 'ಜೂಟ್ ಸೂಟ್' ಮತ್ತು ಅದನ್ನು ತೊಡುವ ಮೆಕ್ಸಿಕನ್ ಮೂಲದ ಹುಡುಗರನ್ನು ಕರೆಯುತ್ತಿದ್ದ 'ಪಚೂಕೊ' ಎಂಬ ಪದಗಳು. ಸರ್ಕಾರದ ಕಡೆಯಿಂದ ಸೂಚನೆ ಬಂದ ಮೇಲೆ ಪತ್ರಿಕೆಗಳು ಅಪರಾಧ ಸುದ್ದಿಗಳಲ್ಲಿ 'ಮೆಕ್ಸಿಕನ್' ಪದವನ್ನು ಕಡಿಮೆ ಮಾಡಿ ಈ ಪದಗಳನ್ನು ಬಳಸತೊಡಗಿದವು. ಸುದ್ದಿಯಲ್ಲಿದ್ದವರು ಅದೇ ಹುಡುಗರು, ಜೊತೆಗೆ ಬರುತ್ತಿದ್ದ ಚಿತ್ರವೂ ಅದೇ. ಓದುಗನಿಗೆ ಅರ್ಥವಾಗಬೇಕಾದ್ದು ಅರ್ಥವಾಗುತ್ತಿತ್ತು, ರಾಯಭಾರ ಕಚೇರಿ ಆಕ್ಷೇಪಿಸಲು ಮಾತ್ರ ಏನೂ ಸಿಗುತ್ತಿರಲಿಲ್ಲ. ಹಳೆಯ 'ಮೆಕ್ಸಿಕನ್' ಪದದ ಜೊತೆ ಸಂಗೀತ, ಹಬ್ಬ, ಪ್ರಾಚೀನ ಸಂಸ್ಕೃತಿಯಂತಹ ಒಳ್ಳೆಯ ನೆನಪುಗಳೂ ಅಂಟಿಕೊಂಡಿದ್ದವು. ಹೊಸ ಪದಕ್ಕೆ ಅಂತಹ ಯಾವ ಋಣವೂ ಇಲ್ಲದ್ದರಿಂದ ಅದು ಬರೀ ದ್ವೇಷವನ್ನೇ ಹೊತ್ತು ತರುತ್ತಿತ್ತು ಎಂದು, ಆ ಕಾಲದ ಪತ್ರಿಕೆಗಳನ್ನು ಪರಿಶೀಲಿಸಿದ ಸಮಾಜಶಾಸ್ತ್ರಜ್ಞರು 1956ರಲ್ಲಿ ತೋರಿಸಿಕೊಟ್ಟರು. ಇಡೀ ಪ್ರಕರಣದ ಬಗ್ಗೆ ಬಂದ ವಿಶ್ಲೇಷಣೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ.

ಉಡುಪಿನ ವಿಷಯಕ್ಕೆ ಬರೋಣ. ತೊಡೆಯವರೆಗೆ ಇಳಿಯುವ ಕೋಟು, ಒಳಗೆ ದಪ್ಪ ಮೆತ್ತೆಯಿಟ್ಟು ಅಗಲಿಸಿದ ಭುಜ, ಎದೆಯ ಹತ್ತಿರದವರೆಗೆ ಏರಿಸಿ ಕಟ್ಟುವ, ಮೊಣಕಾಲಿನ ಹತ್ತಿರ ದೊಗಳೆಯಾಗಿ ಕಣಕಾಲಿನಲ್ಲಿ ಬಿಗಿಯಾಗುವ ಪ್ಯಾಂಟು, ಜೋಲಾಡುವ ಗಡಿಯಾರದ ಸರಪಳಿ, ಅಗಲ ಅಂಚಿನ ಹ್ಯಾಟು. ನ್ಯೂಯಾರ್ಕಿನ ಕರಿಯರ ಬಡಾವಣೆಯಾದ ಹಾರ್ಲೆಮ್‌ನ ಜ್ಯಾಸ್ ಸಂಗೀತದ ಸಭಾಂಗಣಗಳಿಂದ ಹರಡಿದ ಈ ಶೈಲಿಯನ್ನು ಕರಿಯ, ಫಿಲಿಪಿನೊ, ಮೆಕ್ಸಿಕನ್ ಹುಡುಗರಲ್ಲದೆ ಕೆಲವು ಬಿಳಿಯ ಹುಡುಗರೂ ತೊಡುತ್ತಿದ್ದರು. ತಂದೆತಾಯಿಯರ ಹೊಲಗೆಲಸದ ಬಡತನವನ್ನು ಕಂಡು ಬೆಳೆದ, ಯುದ್ಧದ ಕಾರ್ಖಾನೆಗಳಲ್ಲಿ ಮೊದಲ ಬಾರಿಗೆ ಕೈತುಂಬ ಸಂಬಳ ಕಂಡ ಹುಡುಗರಿಗೆ ಶನಿವಾರದ ನೃತ್ಯಕ್ಕೆ ಇಂಥದ್ದೊಂದು ಸೂಟು ತೊಡುವುದು ತಲೆ ಎತ್ತಿ ನಡೆಯುವ ಒಂದು ರೀತಿಯಾಗಿತ್ತು. ಆದರೆ 1942ರ ಮಾರ್ಚ್‌ನಲ್ಲಿ ಯುದ್ಧ ಉತ್ಪಾದನಾ ಮಂಡಳಿ ಗಂಡಸರ ಉಡುಪಿಗೆ ಬಳಸುವ ಉಣ್ಣೆ ಬಟ್ಟೆಯ ಪ್ರಮಾಣಕ್ಕೆ ಮಿತಿ ಹೇರಿತು. ಜೂಟ್ ಸೂಟನ್ನು ತೊಡಬಾರದೆಂದು ಆ ಆದೇಶ ಹೇಳಿರಲಿಲ್ಲ. ಹಾಗೆ ಹೊಲಿಯುವುದು ಮಾತ್ರ ನಿಯಮಬಾಹಿರವಾಯಿತು. ಕೆಲವು ದರ್ಜಿಗಳು ಕದ್ದುಮುಚ್ಚಿ ಹೊಲಿದುಕೊಟ್ಟರು. ಅಲ್ಲಿಂದ ಮುಂದೆ ಕೋಟಿನ ಉದ್ದವೇ ದೇಶನಿಷ್ಠೆಯ ಅಳತೆಗೋಲಾಯಿತು. ಇಂತಹ ಕೋಟು ಬೀರುವಿನಲ್ಲಿಟ್ಟುಕೊಂಡಿದ್ದ ಎಷ್ಟೋ ಹುಡುಗರು ಆ ಹೊತ್ತಿಗೆ ಸಮವಸ್ತ್ರದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿದ್ದರು. ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಮೆಕ್ಸಿಕನ್ ಮೂಲದವರು ಎರಡೂವರೆ ಲಕ್ಷದಿಂದ ಐದು ಲಕ್ಷ ಎಂಬ ಅಂದಾಜಿದೆ. ಅಂದಾಜು ಇಷ್ಟು ಸಡಿಲವಾಗಿರಲು ಕಾರಣ, ಸೇನೆಯ ದಾಖಲೆಗಳಲ್ಲಿ ಅವರನ್ನು 'ಬಿಳಿಯರು' ಎಂದೇ ಬರೆದುಕೊಳ್ಳಲಾಗುತ್ತಿತ್ತು.

ನೌಕಾಪಡೆಯ ತರಬೇತಿ ಕೇಂದ್ರವೊಂದು ಚಾವೆಸ್ ರವೀನ್ ಎಂಬ ಮೆಕ್ಸಿಕನ್ ಬಡಾವಣೆಯ ಮಗ್ಗುಲಲ್ಲೇ ಇತ್ತು. ನಗರಕ್ಕೆ ಹೋಗಿ ಬರುವ ನಾವಿಕರು ಆ ಬೀದಿಗಳನ್ನೇ ಹಾಯಬೇಕಿತ್ತು. ಕುಡಿದು ಬರುವವರು, ಸ್ಥಳೀಯ ಹುಡುಗಿಯರನ್ನು ಕೆಣಕುವವರು, ಅದಕ್ಕೆ ಪ್ರತಿಯಾಗಿ ಬಯ್ಯುವ, ಕಲ್ಲೆಸೆಯುವ ಹುಡುಗರು: ಜಗಳ ಎರಡೂ ಕಡೆಯಿಂದ ಇತ್ತು, ನಾವಿಕರು ತಿಂದ ಪೆಟ್ಟುಗಳೂ ನಿಜ. ಇದನ್ನು ಮುಚ್ಚಿಡುವುದು ಇತಿಹಾಸಕ್ಕೆ ನ್ಯಾಯವಲ್ಲ. ಆದರೆ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನದೇ ವೆನಿಸ್ ಕಡಲತೀರದ ನೃತ್ಯಶಾಲೆಯ ಬಳಿ ಒಬ್ಬ ನಾವಿಕನಿಗೆ ಚಾಕು ಹಾಕಿದರು ಎಂಬ ಸುಳ್ಳು ವದಂತಿ ಹಬ್ಬಿದಾಗಲೇ ನೂರಾರು ಜನ ಮೆಕ್ಸಿಕನ್ ಹುಡುಗರ ಮೇಲೆ ಮುಗಿಬಿದ್ದಿದ್ದರು. ಆಗಲೂ ಪೊಲೀಸರು ಹಿಡಿದದ್ದು ಹುಡುಗರನ್ನೇ. ಮೇ 31ರಂದು ನಾವಿಕರಿಗೂ ಸ್ಥಳೀಯರಿಗೂ ನಡೆದ ಹೊಡೆದಾಟದಲ್ಲಿ ಒಬ್ಬ ನಾವಿಕ ತೀವ್ರವಾಗಿ ಗಾಯಗೊಂಡ.

ಮೂರು ದಿನಗಳ ನಂತರ ಸುಮಾರು ಐವತ್ತು ನಾವಿಕರು ಕೈಗೆ ಸಿಕ್ಕ ಆಯುಧ ಹಿಡಿದು ಹೊರಟರು. ಕಾರ್ಮೆನ್ ಎಂಬ ಸಿನಿಮಾ ಮಂದಿರಕ್ಕೆ ನುಗ್ಗಿ, ದೀಪ ಹಾಕಿಸಿ, ಸಾಲುಸಾಲಾಗಿ ಪ್ರೇಕ್ಷಕರ ಬಟ್ಟೆ ನೋಡುತ್ತ ಹೋದರು. ಆ ರಾತ್ರಿಯ ಮೊದಲ ಬಲಿಪಶುಗಳಲ್ಲಿ ಹನ್ನೆರಡು, ಹದಿಮೂರು ವರ್ಷದ ಬಾಲಕರಿದ್ದರು. ಮರುದಿನ ಸುಮಾರು ಇನ್ನೂರು ನಾವಿಕರು ಇಪ್ಪತ್ತರಷ್ಟು ಟ್ಯಾಕ್ಸಿಗಳನ್ನು ಬಾಡಿಗೆಗೆ ಹಿಡಿದು ಮೆರವಣಿಗೆಯಂತೆ ನಗರದ ಪೂರ್ವಭಾಗಕ್ಕೆ ಹೋದರು. ಕ್ಷಣದ ಆವೇಶ ಎಂಬ ವಾದಕ್ಕೆ ಈ ಟ್ಯಾಕ್ಸಿ ಬಾಡಿಗೆಯೊಂದೇ ಸಾಕಷ್ಟು ಉತ್ತರ. ಬಟ್ಟೆ ಕಿತ್ತು ಕೂದಲು ಕತ್ತರಿಸುವ ಈ ಕ್ರಮದಲ್ಲಿ, ಹೊಸದಾಗಿ ಸೇನೆ ಸೇರಿದವರ ತಲೆ ಬೋಳಿಸಿ ಸಮವಸ್ತ್ರ ತೊಡಿಸುವ ಶಾಸ್ತ್ರದ ಅಣಕವನ್ನು ಕೆಲವು ಇತಿಹಾಸಕಾರರು ಕಂಡಿದ್ದಾರೆ: ತಮಗೆ ಆದದ್ದನ್ನೇ ಆ ನಾವಿಕರು ಇತರರಿಗೆ ಮಾಡಿದರು. ಒಳನೋಟವೇನೋ ಚೆನ್ನಾಗಿದೆ. ಆದರೆ ಆ ಅಣಕಕ್ಕೆ ಯಾರ ಮೈಯನ್ನು ಆರಿಸಿಕೊಂಡರು ಎಂಬುದನ್ನು ಅದು ವಿವರಿಸುವುದಿಲ್ಲ.

ಜೂನ್ 7ರಂದು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ, ಸೈನಿಕರ ಜೊತೆಗಿನ ಹೊಡೆದಾಟದಲ್ಲಿ ಜೂಟ್ ಸೂಟಿನವರು ಪಾಠ ಕಲಿತರು ಎಂಬರ್ಥದ ತಲೆಬರಹ ಹಾಕಿತು. ಪಚೂಕೊಗಳು ಸೇಡು ತೀರಿಸಿಕೊಳ್ಳಲಿದ್ದಾರೆಂಬ ಸುದ್ದಿಗಳೂ ಹರಡಿದವು. ಅಂದು ಸಂಜೆ ನಗರದ ನಡುಭಾಗದಲ್ಲಿ ಸೇರಿದ ಸಾವಿರಾರು ಜನರ ಗುಂಪು ಟ್ರಾಮ್‌ಗಳನ್ನು ತಡೆದು, ಮೆಕ್ಸಿಕನ್ನರ ಜೊತೆಗೆ ಫಿಲಿಪಿನೊ ಮತ್ತು ಕರಿಯ ಪ್ರಯಾಣಿಕರನ್ನೂ ಆಸನಗಳಿಂದ ಎಳೆದು ಬೀದಿಗೆ ತಳ್ಳಿತು. ಅವರಲ್ಲಿ ಅನೇಕರು ತೊಟ್ಟಿದ್ದು ಸಾಧಾರಣ ಬಟ್ಟೆ. ಕೋಟಿನ ನೆಪ ಅಲ್ಲಿಗೆ ಕಳಚಿಬಿತ್ತು. ಪೂರ್ವಭಾಗದ ಪತ್ರಿಕೆಯೊಂದರ ಸಂಪಾದಕ ಅಲ್ ವ್ಯಾಕ್ಸ್‌ಮನ್ ಕಣ್ಣಾರೆ ಕಂಡು ಬರೆದಂತೆ, ಬಿಲಿಯರ್ಡ್ಸ್ ಅಂಗಡಿಯಿಂದ ಹೊರಬಂದ ನಾಲ್ವರು ಹುಡುಗರಿಗೆ ಪೊಲೀಸರು ಗಾಡಿ ಹತ್ತಲು ಹೇಳಿದಾಗ ಒಬ್ಬ 'ನನ್ನನ್ನೇಕೆ ಬಂಧಿಸುತ್ತೀರಿ' ಎಂದು ಕೇಳಿದ; ಉತ್ತರವಾಗಿ ಅವನ ತಲೆಗೆ ಲಾಠಿಯ ಮೂರು ಏಟು ಬಿದ್ದವು.

ಹಿಂಸೆ ನಿಂತದ್ದು ಹೇಗೆ? ನಗರದ ಪೊಲೀಸರು ನಿಲ್ಲಿಸಲಿಲ್ಲ. ಜೂನ್ 8ರ ಹೊತ್ತಿಗೆ ನೌಕಾಪಡೆ ಮತ್ತು ಭೂಸೇನೆಯ ಹಿರಿಯ ಅಧಿಕಾರಿಗಳು ನಗರವನ್ನು ತಮ್ಮ ಸಿಬ್ಬಂದಿಗೆ ನಿಷೇಧಿತ ಪ್ರದೇಶವೆಂದು ಸಾರಿದರು. ಬಹಿರಂಗವಾಗಿ ಮಾತ್ರ ನಾವಿಕರು ಆತ್ಮರಕ್ಷಣೆಗಾಗಿ ಹೊಡೆದರೆಂದೇ ಹೇಳಿಕೊಂಡರು. ಮೆಕ್ಸಿಕೊದ ರಾಯಭಾರ ಕಚೇರಿ ವಿದೇಶಾಂಗ ಇಲಾಖೆಗೆ ಆಕ್ಷೇಪ ಸಲ್ಲಿಸಿತು. ನಗರಸಭೆ ಏನು ಮಾಡಿತೆಂದರೆ, ಜೂಟ್ ಸೂಟ್ ತೊಡುವುದನ್ನು ಅಪರಾಧವಾಗಿಸುವ ನಿರ್ಣಯ ಅಂಗೀಕರಿಸಿತು. ಅದು ಕಾನೂನಾಗಲಿಲ್ಲ ಎಂಬುದು ಬೇರೆ ಮಾತು. ಇದರ ಬೇರು ಉಡುಪಿಗಿಂತ ಆಳದಲ್ಲಿದೆ, ಇದು ಜನಾಂಗೀಯ ಪ್ರತಿಭಟನೆ ಎಂದ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರನ್ನು ಲಾಸ್ ಏಂಜಲೀಸ್ ಟೈಮ್ಸ್ ತನ್ನ ಸಂಪಾದಕೀಯದಲ್ಲಿ ಜನಾಂಗ ದ್ವೇಷ ಕೆರಳಿಸುವವರು ಎಂದು ಹಳಿಯಿತು. ಮೇಯರ್ ಫ್ಲೆಚರ್ ಬೌರನ್ ಅವರ ಪಟ್ಟು ಒಂದೇ: ಇಲ್ಲಿ ಜನಾಂಗದ ಪ್ರಶ್ನೆಯೇ ಇಲ್ಲ. ರಾಜ್ಯಪಾಲ ಅರ್ಲ್ ವಾರನ್ ನೇಮಿಸಿದ, ಬಿಷಪ್ ಜೋಸೆಫ್ ಮೆಗಕನ್ ನೇತೃತ್ವದ ಸಮಿತಿ ಮಾತ್ರ ಜನಾಂಗೀಯ ಪೂರ್ವಗ್ರಹವನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿ, ಪತ್ರಿಕೆಗಳ ವರದಿಗಾರಿಕೆಯನ್ನು ಟೀಕಿಸಿತು. ಇದೇ ವಾರನ್ ಹಿಂದಿನ ವರ್ಷ ರಾಜ್ಯದ ಅಟಾರ್ನಿ ಜನರಲ್ ಆಗಿ ಜಪಾನಿ ಮೂಲದವರ ಸಾಗಾಟಕ್ಕೆ ಒತ್ತಾಯಿಸಿದ್ದವರು, ಮತ್ತು 1954ರಲ್ಲಿ ಶಾಲೆಗಳ ಜನಾಂಗ ಪ್ರತ್ಯೇಕತೆಯನ್ನು ರದ್ದುಪಡಿಸಿದ ತೀರ್ಪನ್ನು ಮುಖ್ಯ ನ್ಯಾಯಮೂರ್ತಿಯಾಗಿ ಬರೆದವರು.

ಸ್ಲೀಪಿ ಲಗೂನ್ ಕೈದಿಗಳ ಪರವಾಗಿ ಮೆಕ್‌ವಿಲಿಯಮ್ಸ್ ಅಧ್ಯಕ್ಷತೆಯಲ್ಲಿ, ಆಲಿಸ್ ಮೆಗ್ರಾತ್ ಕಾರ್ಯದರ್ಶಿಯಾಗಿ ನಡೆದ ಸಮಿತಿ ಹಣ ಕೂಡಿಸಿ ಮೇಲ್ಮನವಿ ಸಲ್ಲಿಸಿತು. 1944ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯದ ಕೊರತೆ ಮತ್ತು ವಕೀಲರ ನೆರವು ನಿರಾಕರಿಸಿದ ಲೋಪಗಳ ಮೇಲೆ ಶಿಕ್ಷೆಗಳನ್ನು ರದ್ದುಗೊಳಿಸಿತು. ಹುಡುಗರು ಬಿಡುಗಡೆಯಾದರು. ಆದರೆ ಅದೇ ತೀರ್ಪಿನಲ್ಲಿ, ಈ ಮೊಕದ್ದಮೆ ಜನಾಂಗ ದ್ವೇಷದಿಂದ ಹುಟ್ಟಿತು ಎನ್ನಲು ಕಡತದಲ್ಲಿ ಯಾವ ಆಧಾರವೂ ಇಲ್ಲ ಎಂದೂ ನ್ಯಾಯಾಲಯ ಬರೆಯಿತು. ನ್ಯಾಯ ಸಿಕ್ಕಿತು, ಅನ್ಯಾಯ ಏನಾಗಿತ್ತು ಎಂಬುದಕ್ಕೆ ಹೆಸರು ಸಿಗಲಿಲ್ಲ.

ಇನ್ನು ಇಂದಿನ ಮಾತು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ 1798ರ ಶತ್ರುದೇಶದ ಪ್ರಜೆಗಳ ಕಾಯ್ದೆಯನ್ನು ವೆನೆಜುವೆಲಾದ 'ತ್ರೆನ್ ದೆ ಅರಾಗ್ವಾ' ಎಂಬ ಅಪರಾಧಿ ಗುಂಪಿನ ವಿರುದ್ಧ ಬಳಸಿದರು. ಅದಕ್ಕೂ ಮೊದಲು ಈ ಕಾಯ್ದೆ ಬಳಕೆಯಾಗಿದ್ದು ಮೂರೇ ಬಾರಿ: 1812ರ ಯುದ್ಧದಲ್ಲಿ ಮತ್ತು ಎರಡು ಮಹಾಯುದ್ಧಗಳಲ್ಲಿ. ಈ ಬಾರಿ ಘೋಷಿತ ಯುದ್ಧವೇ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ವೆನೆಜುವೆಲಾದವರನ್ನು ಎಲ್ ಸಾಲ್ವಡಾರ್‌ನ ದೈತ್ಯ ಕಾರಾಗೃಹಕ್ಕೆ ವಿಮಾನದಲ್ಲಿ ಸಾಗಿಸಲಾಯಿತು. ಅವರಲ್ಲಿ ಒಂದು ಭಾಗದವರ ಮೇಲೆ ಈ ಕಾಯ್ದೆಯನ್ನೇ ಪ್ರಯೋಗಿಸಲಾಗಿತ್ತು. ಯಾರು ಆ ಗುಂಪಿನವರೆಂದು ತೀರ್ಮಾನಿಸಲು ಅಧಿಕಾರಿಗಳಿಗೆ ಕೊಟ್ಟಿದ್ದ ಅಂಕಪಟ್ಟಿ ಕೋರ್ಟಿನಲ್ಲಿ ಬಹಿರಂಗವಾಯಿತು. ಗುಂಪಿನ ನಂಟು ಸೂಚಿಸುವ ಹಚ್ಚೆಗೆ ನಾಲ್ಕು ಅಂಕ, ಅದರ ಚಿಹ್ನೆ ಅಥವಾ ಉಡುಪಿಗೆ ನಾಲ್ಕು; ಎಂಟು ಅಂಕವಾದರೆ ಸದಸ್ಯನೆಂದು ಪರಿಗಣಿಸಬಹುದು. ಅಂಕಗಳೆಲ್ಲ ಚಿಹ್ನೆಗಳಿಂದಲೇ ಬಂದಿದ್ದರೆ ಮೇಲಧಿಕಾರಿಯನ್ನು ಕೇಳಬೇಕು ಎಂಬ ಎಚ್ಚರಿಕೆಯೂ ಅದರಲ್ಲಿತ್ತು ಎನ್ನುವುದನ್ನು ಹೇಳಲೇಬೇಕು. ಆದರೂ ಮೈಮೇಲಿನ ಗುರುತಿಗೆ ಅಂಕ ಕೊಟ್ಟು ಶತ್ರುವನ್ನು ಕಂಡುಹಿಡಿಯುವ ಆ ತರ್ಕ, ಕ್ಷೌರ ನಿರಾಕರಿಸಿದ ಕೋರ್ಟಿನ ತರ್ಕಕ್ಕಿಂತ ಹೆಚ್ಚು ದೂರದಲ್ಲಿಲ್ಲ. ಜುಲೈ 18ರಂದು ಆ ಕಾರಾಗೃಹದಲ್ಲಿದ್ದ 252 ಮಂದಿ ವೆನೆಜುವೆಲಾಗೆ ಮರಳಿದ್ದು ಕೋರ್ಟಿನ ಬಿಡುಗಡೆ ಆದೇಶದಿಂದಲ್ಲ, ಹತ್ತು ಅಮೆರಿಕನ್ನರಿಗೆ ಬದಲಾಗಿ ನಡೆದ ಕೈದಿಗಳ ವಿನಿಮಯದಿಂದ. 1943ರಲ್ಲಿಯೂ ಕಾನೂನಿಗಿಂತ ಮೊದಲು ಕೆಲಸ ಮಾಡಿದ್ದು ನೆರೆದೇಶದ ಸ್ನೇಹದ ಅಗತ್ಯವೇ.

ಎರಡು ಕಾಲಗಳನ್ನು ಒಂದೇ ಎನ್ನುವುದು ಸರಿಯಲ್ಲ. ಆಗ ದಾಳಿ ಮಾಡಿದ್ದು ಶಿಸ್ತು ಮೀರಿದ ಸೈನಿಕರು, ಅದನ್ನು ತಡೆದದ್ದು ಒಕ್ಕೂಟ ಸರ್ಕಾರದ ಸೇನಾಧಿಕಾರ, ಕಣ್ಣುಮುಚ್ಚಿ ಕುಳಿತದ್ದು ನಗರ. 2025ರ ಜೂನ್‌ನಲ್ಲಿ ಅದೇ ಲಾಸ್ ಏಂಜಲೀಸ್‌ನಲ್ಲಿ ವಲಸಿಗರ ಮೇಲಿನ ದಾಳಿಗಳನ್ನು ನಡೆಸಿದ್ದು ಒಕ್ಕೂಟ ಸರ್ಕಾರದ ಅಧಿಕಾರಿಗಳು. ಪ್ರತಿಭಟನೆ ಎದ್ದಾಗ ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ ನಾಲ್ಕು ಸಾವಿರದಷ್ಟು ಸೈನಿಕರನ್ನೂ ಏಳುನೂರು ಮರೀನ್‌ಗಳನ್ನೂ ಕಳುಹಿಸಿದ್ದು ಅಧ್ಯಕ್ಷರು. ವಿರೋಧಿಸಿದ್ದು ನಗರದ ಮೇಯರ್ ಮತ್ತು ರಾಜ್ಯಪಾಲರು. ಜುಲೈ 11ರಂದು ಜಿಲ್ಲಾ ನ್ಯಾಯಾಧೀಶೆ ಮಾಮೆ ಫ್ರಿಂಪಾಂಗ್, ಜನಾಂಗೀಯ ಚಹರೆ, ಸ್ಪ್ಯಾನಿಷ್ ಮಾತು, ಕಾರು ತೊಳೆಯುವ ಅಂಗಡಿ ಅಥವಾ ಬಸ್ ನಿಲ್ದಾಣದಂತಹ ಸ್ಥಳ, ಮಾಡುವ ಕೆಲಸ ಈ ನಾಲ್ಕರ ಆಧಾರದಲ್ಲಿಯೇ ಯಾರನ್ನೂ ತಡೆದು ನಿಲ್ಲಿಸಬಾರದೆಂದು ಆದೇಶಿಸಿದರು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಕಾರಣ ಕೊಡದೆ ಆ ಆದೇಶಕ್ಕೆ ತಡೆ ನೀಡಿತು. ಬಹುಮತದ ಪರ ಪ್ರತ್ಯೇಕವಾಗಿ ಬರೆದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ, ಜನಾಂಗೀಯ ಚಹರೆಯೊಂದೇ ಅನುಮಾನಕ್ಕೆ ಸಾಲದು, ಆದರೆ ಇತರ ಅಂಶಗಳ ಜೊತೆ ಅದನ್ನೂ ಪರಿಗಣಿಸಬಹುದು ಎಂದರು. ಲ್ಯಾಟಿನೊ ಮೂಲದ ಮೊದಲ ನ್ಯಾಯಮೂರ್ತಿ ಸೋನಿಯಾ ಸೊಟೊಮಾಯೊರ್, ಲ್ಯಾಟಿನೊ ಚಹರೆ, ಸ್ಪ್ಯಾನಿಷ್ ಮಾತು, ಕಡಿಮೆ ಕೂಲಿಯ ಕೆಲಸ ಇರುವ ಯಾರನ್ನಾದರೂ ಹಿಡಿಯಬಹುದಾದ ದೇಶದಲ್ಲಿ ಬದುಕುವ ಸ್ಥಿತಿ ಬರಬಾರದು ಎಂದು ಭಿನ್ನಮತ ದಾಖಲಿಸಿದರು. 1944ರ ನ್ಯಾಯಾಲಯ ಜನಾಂಗದ ಪಾತ್ರವಿತ್ತು ಎಂಬುದನ್ನೇ ಒಪ್ಪಲಿಲ್ಲ. 2025ರ ನ್ಯಾಯಮೂರ್ತಿಯೊಬ್ಬರು ಅದು ಇರಬಹುದು, ಇದ್ದರೆ ತಪ್ಪಲ್ಲ ಎಂದು ಲಿಖಿತವಾಗಿ ಹೇಳಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಅದು ತಾತ್ಕಾಲಿಕ ತಡೆಯಾಜ್ಞೆಯೇ ಹೊರತು ಅಂತಿಮ ತೀರ್ಪಲ್ಲ.